ಮುಷ್ಕರದ ದಿನ ನಾವೇಕೆ ಹಾರಿದೆವು

ದೊಡ್ಡ ವಿಮಾನಗಳ ಪೈಲಟರ ಸಂಘದ ಘನ ಅಧ್ಯಕ್ಷರೇ,

ಕಳೆದ ಭಾನುವಾರದ ಪತ್ರಿಕೆಯಲ್ಲಿ ತಮ್ಮ ಹೇಳಿಕೆ ಓದಿದೆ. ‘ಬಜಪೆಯ ಒಂಬತ್ತು ಮಂದಿ ಸಣ್ಣ ಪೈಲಟರು ನಮ್ಮ ಮುಷ್ಕರ ಮುರಿದು ಸಹೋದ್ಯೋಗಿಗಳಿಗೆ ದ್ರೋಹ ಬಗೆದರು’ ಎಂದಿದ್ದೀರಿ. ಹೆಸರು ಹಾಕುವ ತೊಂದರೆ ತೆಗೆದುಕೊಂಡಿಲ್ಲ. ಆ ಒಂಬತ್ತರಲ್ಲಿ ಮೊದಲನೆಯವನು ನಾನು. ಸಣ್ಣದು ನಮ್ಮ ವಿಮಾನ, ಸ್ವಾಮಿ. ನಾನು ಆರಡಿ ಎತ್ತರ ಇದ್ದೇನೆ. ಮುಷ್ಕರದ ಆರು ದಿನವೂ ಬಜಪೆಯಿಂದ ಬೆಂಗಳೂರಿಗೆ ಹಾರಿದೆ, ಹಿಂದೆ ಬಂದೆ. ಹದಿನೆಂಟು ಸೀಟುಗಳಲ್ಲಿ ಒಂದೂ ಖಾಲಿ ಇರಲಿಲ್ಲ. ಪಶ್ಚಾತ್ತಾಪ ಉಂಟೋ ಎಂದು ಕೇಳುವುದಾದರೆ, ಇಲ್ಲ. ಏಕೆ ಇಲ್ಲ ಎಂಬುದನ್ನು ತಾವು ಊರಿಗೆಲ್ಲ ಕೇಳುವಂತೆ ಬೈದಿರುವುದರಿಂದ ನಾನೂ ಊರಿಗೆಲ್ಲ ಕೇಳುವಂತೆಯೇ ಹೇಳುತ್ತೇನೆ.

ಎರಡು ವರ್ಷದ ಹಿಂದೆ, ಎಂಬತ್ತನಾಲ್ಕರಲ್ಲಿ, ಸಣ್ಣ ವಿಮಾನ ಹಾರಿಸುವ ಮೂವತ್ತೊಂದು ಮಂದಿ ಸೇರಿ ನಮ್ಮದೇ ಸಂಘ ಕಟ್ಟಲು ಅರ್ಜಿ ಬರೆದಿದ್ದೆವು. ಅದನ್ನು ಕೇಳಿದ ಕೂಡಲೇ ತಾವು ಮಂಗಳೂರಿಗೆ ಧಾವಿಸಿದಿರಿ. ಹಂಪನಕಟ್ಟೆಯ ಹೋಟೆಲಿನಲ್ಲಿ ನಮ್ಮೆಲ್ಲರಿಗೂ ಊಟ ಹಾಕಿಸಿ, ಕಾಣೆ ಮೀನಿನ ಮುಳ್ಳು ಬಿಡಿಸುತ್ತಾ, ಪೈಲಟರದು ಒಂದೇ ಕುಟುಂಬ, ಇಬ್ಬರು ಯಜಮಾನರು ಏಕೆ ಎಂದು ಪ್ರೀತಿಯಿಂದ ಕೇಳಿದಿರಿ. ನಾವು ಕರಗಿ ಹೋದೆವು. ಅರ್ಜಿಯನ್ನು ಹರಿದು ಹಾಕಿದವನು ನಾನೇ. ಇಷ್ಟು ವರ್ಷದ ನೌಕರಿಯಲ್ಲಿ ನಾನು ಮಾಡಿದ ಅತಿ ದೊಡ್ಡ ಮೂರ್ಖತನ ಅದು.

ಮರು ವರ್ಷದ ಜುಲೈಯಲ್ಲಿ ನಡೆದದ್ದು ತಮಗೆ ಮರೆತಿರಬಹುದು. ಉಳ್ಳಾಲದ ಲ್ಯಾನ್ಸಿ ಮೊಂತೇರೊ ನಮ್ಮಲ್ಲಿ ಕ್ಯಾಪ್ಟನ್ ಆಗಿದ್ದ. ಇಪ್ಪತ್ತೊಂಬತ್ತು ವರ್ಷ, ಮಾತು ಕಡಿಮೆ. ಹಾರುವ ಮೊದಲು ವಿಮಾನದ ಚಕ್ರಗಳನ್ನು ಮೆಕ್ಯಾನಿಕ್ ನೋಡಿದ ಮೇಲೂ ಒಮ್ಮೆ ತಾನೇ ಬಗ್ಗಿ ನೋಡುವವನು. ಆ ದಿನ ಬೆಳಿಗ್ಗೆ ಅವನು ಬೆಂಗಳೂರಿನಿಂದ ಬಂದು, ಬಜಪೆಯ ಮೇಲೆ ಮೋಡ ಕವಿದದ್ದರಿಂದ ಎರಡು ಸಲ ಇಳಿಯಲು ನೋಡಿ, ಆಗದೆ ಹಿಂದೆ ಹೋದ. ಮಧ್ಯಾಹ್ನ ಪುನಃ ಹೊರಡು ಎಂದು ಮ್ಯಾನೇಜರ್ ಒತ್ತಾಯಿಸಿದಾಗ ಒಪ್ಪಲಿಲ್ಲ. ನಮ್ಮ ವಿಮಾನದಲ್ಲಿ ಮೋಡದೊಳಗಿನ ಬಿರುಗಾಳಿಯನ್ನು ತೋರಿಸುವ ರಾಡಾರ್ ಇಲ್ಲ. ಬಜಪೆಯ ರನ್‌ವೇಯಾದರೋ ಗುಡ್ಡದ ನೆತ್ತಿಯ ಮೇಲೆ ಇದೆ. ತುದಿ ದಾಟಿದರೆ ಕಣಿವೆ.

“ಸರ್, ಮೋಡದ ಒಳಗೆ ಎಂತ ಉಂಟು ಅಂತ ಗೊತ್ತಿಲ್ಲದೆ ಹದಿನೆಂಟು ಜನರನ್ನು ಕರ್ಕೊಂಡು ಹೋಗ್ಲಿಕ್ಕೆ ನನ್ನಿಂದ ಆಗುದಿಲ್ಲ,” ಎಂದು ಅವನು ಹೇಳಿದ್ದನ್ನು, ಆ ದಿನ ಬೆಂಗಳೂರಿನಲ್ಲೇ ಇದ್ದು, ಪಕ್ಕದಲ್ಲಿ ನಿಂತು ಕೇಳಿದವನು ನಾನು.

ಅದೇ ಮಧ್ಯಾಹ್ನ ತಮ್ಮ ದೊಡ್ಡ ವಿಮಾನವೂ, ರಾಡಾರ್ ಇಟ್ಟುಕೊಂಡೇ, ಬಜಪೆಯ ಮೇಲೆ ಮೂರು ಸುತ್ತು ಹಾಕಿ ಇಳಿಯದೆ ಬೊಂಬಾಯಿಗೆ ಮರಳಿತು. ಆ ಕ್ಯಾಪ್ಟನ್ನರನ್ನು ಎಲ್ಲರೂ ವಿವೇಕಿ ಎಂದರು. ಲ್ಯಾನ್ಸಿಯನ್ನು ಅಮಾನತು ಮಾಡಿ, ಆಜ್ಞೆ ಮೀರಿದನೆಂದು ವಿಚಾರಣೆಗೆ ಕರೆದರು.

ವಿಚಾರಣೆಯಲ್ಲಿ ಆರೋಪಿಯ ಪರವಾಗಿ ಮಾತನಾಡಲು ಮಾನ್ಯತೆ ಪಡೆದ ಸಂಘದವರಿಗೆ ಮಾತ್ರ ಅವಕಾಶ. ಅಂದರೆ ತಮಗೆ. ಲ್ಯಾನ್ಸಿ ತಮಗೆ ಪತ್ರ ಬರೆದ. ತಾವು ಮೂರು ಸಾಲಿನ ಉತ್ತರ ಕಳುಹಿಸಿದಿರಿ: ‘ತಾವು ನಮ್ಮ ಸಂಘದ ಸದಸ್ಯರಲ್ಲ. ಆದ್ದರಿಂದ ಪ್ರತಿನಿಧಿಯನ್ನು ಕಳುಹಿಸಲು ಸಾಧ್ಯವಿಲ್ಲ. ವಿಷಾದಿಸುತ್ತೇವೆ.’ ಪ್ರತಿನಿಧಿ ಬರಲಿಲ್ಲ, ನಿಜ. ಆದರೆ ತಮ್ಮ ಕಾರ್ಯಕಾರಿ ಸಮಿತಿಯ ಹಿರಿಯ ಕ್ಯಾಪ್ಟನ್ ಒಬ್ಬರು ಬಂದರು. ಮೇಜಿನ ಆ ಕಡೆ ಆಡಳಿತದವರ ಜೊತೆ ಕುಳಿತು, ತಜ್ಞರ ಗತ್ತಿನಲ್ಲಿ, ಧೈರ್ಯವಿರುವ ಪೈಲಟ್ ಆಗಿದ್ದರೆ ಹೊರಡುತ್ತಿದ್ದ ಎಂದು ಹೇಳಿ, ಚಹಾ ಕುಡಿದು ಹೋದರು. ಲ್ಯಾನ್ಸಿ ಈ ಕಡೆ ಒಬ್ಬನೇ ಕುಳಿತಿದ್ದ. ಬಾಗಿಲ ಹೊರಗೆ ನಿಂತಿದ್ದ ನನ್ನನ್ನು ಒಳಗೆ ಬಿಡಲಿಲ್ಲ. ಹದಿನೈದು ದಿನದಲ್ಲಿ ಅವನ ನೌಕರಿ ಹೋಯಿತು. ಅದೇ ತಿಂಗಳು ಆಡಳಿತದೊಡನೆ ತಮ್ಮ ಹೊಸ ಒಪ್ಪಂದಕ್ಕೆ ಸಹಿ ಬಿತ್ತು. ಎರಡಕ್ಕೂ ಸಂಬಂಧ ಇಲ್ಲವೆಂದು ತಾವು ಹೇಳುತ್ತೀರಿ. ನಂಬುವವರು ಇದ್ದರೆ ನಂಬಲಿ.

ಲ್ಯಾನ್ಸಿ ಈಗ ನಂತೂರಿನಲ್ಲಿ ಬೆಂಗಳೂರು ಬಸ್ಸುಗಳ ಟಿಕೆಟ್ ಬರೆಯುತ್ತಾನೆ. ಅವನ ಹೆಂಡತಿ ಆಗ್ನೆಸ್ ಕಂಕನಾಡಿಯ ಆಸ್ಪತ್ರೆಯಲ್ಲಿ ನರ್ಸ್. ಮಳೆಗಾಲದಲ್ಲಿ ವಿಮಾನ ರದ್ದಾದರೆ ನಮ್ಮ ಪ್ರಯಾಣಿಕರೇ ಹೋಗಿ ಅವನ ಕೌಂಟರಿನ ಎದುರು ಸಾಲು ನಿಲ್ಲುತ್ತಾರೆ.

ಹೀಗಿರುವಾಗ ಹೋದ ತಿಂಗಳು ತಮ್ಮ ಮುಷ್ಕರ ಬಂತು, ತಂತಿಯೂ ಬಂತು: ‘ಸಹೋದರರೇ, ಹಾರಬೇಡಿ.’ ಒಂದೇ ವರ್ಷದಲ್ಲಿ ನಾವು ಪುನಃ ಸಹೋದರರಾಗಿದ್ದೆವು! ತಂತಿ ಸಾಲದೆಂದು ತಾವೇ ಹೊರಟು ಬಂದಿರಿ. ತಮ್ಮ ವಿಮಾನಗಳನ್ನು ತಾವೇ ನಿಲ್ಲಿಸಿದ್ದರಿಂದ ಬಸ್ಸಿನಲ್ಲಿ ಘಾಟಿ ಇಳಿದು ಬಂದಿರಿ. ಬಜಪೆಯ ನಮ್ಮ ಕೋಣೆಯಲ್ಲಿ ತಾವು ಅರ್ಧ ಗಂಟೆ ಮಾತನಾಡಿದ ಮೇಲೆ ನಾನು ಒಂದೇ ಪ್ರಶ್ನೆ ಕೇಳಿದೆ: ಲ್ಯಾನ್ಸಿಗೆ ಏನು ಮಾಡುತ್ತೀರಿ? ತಾವು ಅಂದಿರಿ: ಯಾವ ಲ್ಯಾನ್ಸಿ?

ಆ ಪ್ರಶ್ನೆಯ ನಂತರ ಮತ ಹಾಕುವ ಅಗತ್ಯವೇ ಬೀಳಲಿಲ್ಲ. ಒಂಬತ್ತು ಮಂದಿಯೂ ಎದ್ದು ನಿಂತು ಟೊಪ್ಪಿ ಹಾಕಿಕೊಂಡೆವು.

ಸಂಜೆ ತಾವು ಬೆಂಗಳೂರಿಗೆ ಮರಳಲು ಟಿಕೆಟ್ ತೆಗೆದುಕೊಂಡದ್ದು ನಂತೂರಿನ ಅದೇ ಕೌಂಟರಿನಲ್ಲಿ. ಟಿಕೆಟ್ ಬರೆದುಕೊಟ್ಟವನ ಮುಖ ತಾವು ನೋಡಲಿಲ್ಲ. ಮರುದಿನ ಅವನೇ ನನಗೆ ಹೇಳಿದ.

“ಯಾವ ಸೀಟ್ ಕೊಟ್ಟೆ ಮಾರಾಯ?” ಎಂದು ನಾನು ಆಸೆಯಿಂದ ಕೇಳಿದೆ.

“ಎದುರಿನ ಸೀಟ್, ಸರ್. ಕಿಟಕಿ ಬದಿ. ವಯಸ್ಸಾದವರು, ಘಾಟಿಯಲ್ಲಿ ಹಿಂದೆ ಕೂತರೆ ವಾಂತಿ ಆಗ್ತದೆ.”

ನಾನಾಗಿದ್ದರೆ ಕಟ್ಟಕಡೆಯ ಸಾಲಿನಲ್ಲಿ, ಸ್ಟೆಪ್ನಿಯ ಮೇಲೆ ಕೂರಿಸುತ್ತಿದ್ದೆ. ಲ್ಯಾನ್ಸಿಯ ಒಳ್ಳೆಯತನಕ್ಕೆ ನಾನು ಜವಾಬ್ದಾರನಲ್ಲ.

ಒಂದು ಮಾತು ಒಪ್ಪಿಕೊಳ್ಳಬೇಕು. ಮುಷ್ಕರದ ಎರಡನೆಯ ದಿನ ಬೆಳಿಗ್ಗೆ ನಾನು ಯೂನಿಫಾರಂ ಹಾಕಿ ಮನೆಯಿಂದ ಹೊರಟಾಗ ನೆರೆಮನೆಯ ತುಕ್ರಣ್ಣ ಗೇಟಿನಲ್ಲಿ ನಿಂತಿದ್ದರು. ಹಂಚಿನ ಕಾರ್ಖಾನೆಯಲ್ಲಿ ನಲವತ್ತು ದಿನ ಮುಷ್ಕರ ಕೂತವರು. “ಎಂತ ಕ್ಯಾಪ್ಟನ್ರೇ, ಸ್ಟ್ರೈಕಿನ ದಿನ ನೀವು ಕೆಲಸಕ್ಕೆ ಹೋಗುದಾ?” ಎಂದರು. ನಾನು ತಲೆ ತಗ್ಗಿಸಿ ಕಾರು ಹತ್ತಿದೆ. ಅಂಥವರ ಎದುರು ನನ್ನ ತಲೆ ತಗ್ಗುವಂತೆ ಮಾಡಿದ್ದನ್ನೂ ತಮ್ಮ ಹೆಸರಿಗೇ ಬರೆದುಕೊಂಡಿದ್ದೇನೆ.

ತಮ್ಮ ಹೇಳಿಕೆ ಅಚ್ಚಾದ ಮರುದಿನ ನಾನು ಹೊಸ ಸಂಘದ ಅರ್ಜಿ ಹಿಡಿದು ಕಾರ್ಮಿಕ ಇಲಾಖೆಯ ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತೆ ಝುಬೈದಾ ಅವರು ಹೆಸರುಗಳ ಮೇಲೆ ಬೆರಳಾಡಿಸಿ, ಕಡತ ಒಂದನ್ನು ತಂದು, “ನೀವೆಲ್ಲ ಆಗ್ಲೇ ಒಂದು ಸಂಘದಲ್ಲಿ ಇದ್ದೀರಲ್ಲ ಸರ್? ಇಲ್ಲಿ ಉಂಟು ನೋಡಿ,” ಎಂದರು.

ನೋಡಿದೆ. ತಮ್ಮ ಸಂಘ ಮಾನ್ಯತೆ ಉಳಿಸಿಕೊಳ್ಳಲು ಸಲ್ಲಿಸಿದ ಸದಸ್ಯರ ಪಟ್ಟಿ. ಒಟ್ಟು ಇನ್ನೂರ ಹದಿನೆಂಟು ಹೆಸರು. ಕೊನೆಯ ಮೂವತ್ತೊಂದು ಹೆಸರು ನಮ್ಮವು, ನಮಗೆ ತಿಳಿಸದೆಯೇ ಸೇರಿಸಿದ್ದು. ಇನ್ನೂರ ಮೂರನೆಯದು ಲ್ಯಾನ್ಸಿ ಮೊಂತೇರೊ. ಕೆಳಗೆ ತಮ್ಮ ಸಹಿ. ತಾರೀಕು: ೧೯೮೫, ಆಗಸ್ಟ್ ಎರಡು. ನೀವು ಸದಸ್ಯರಲ್ಲ ಎಂದು ತಾವು ಅವನಿಗೆ ಬರೆದದ್ದು ಆಗಸ್ಟ್ ಆರಕ್ಕೆ.

ಪ್ರತಿ ಪಡೆದುಕೊಂಡು ನೇರ ಲ್ಯಾನ್ಸಿಯ ಮನೆಗೆ ಹೋದೆ. ಅವನು ಓದಿ ಮಡಚಿಟ್ಟು, “ಬಿಡಿ ಸರ್, ಇನ್ನು ಎಂತಕ್ಕೆ?” ಎಂದ. ಆಗ್ನೆಸ್ ಒಳಗೆ ಹೋಗಿ ತಮ್ಮ ಮೂರು ಸಾಲಿನ ಪತ್ರವನ್ನು ಲಕೋಟೆ ಸಮೇತ ತಂದು ನನ್ನ ಕೈಗೆ ಕೊಟ್ಟರು. “ಅವರು ಬಿಟ್ಟಿದ್ದಾರೆ. ನಾನು ಬಿಟ್ಟಿಲ್ಲ. ತಕೊಳ್ಳಿ.”

ತಗೊಂಡಿದ್ದೇನೆ, ಅಧ್ಯಕ್ಷರೇ. ಇದೇ ಅಕ್ಟೋಬರ್ ಇಪ್ಪತ್ತರಂದು ಬೆಳಿಗ್ಗೆ ಹನ್ನೊಂದಕ್ಕೆ ತಮ್ಮ ಮಾನ್ಯತೆಯ ನವೀಕರಣ ಕಾರ್ಮಿಕ ಆಯುಕ್ತರ ಮುಂದೆ ಬರಲಿದೆ. ಎರಡೂ ಕಾಗದ ಹಿಡಿದು ನಾನು ಅಲ್ಲಿರುತ್ತೇನೆ. ಯಾವುದು ಸತ್ಯವೆಂದು ತಾವು ಎದ್ದು ನಿಂತು ಹೇಳಬೇಕು. ಪಟ್ಟಿ ಸತ್ಯವಾದರೆ ತಮ್ಮದೇ ಸದಸ್ಯನ ವಿರುದ್ಧ ಸಾಕ್ಷಿ ಹೇಳಿಸಿದ್ದೀರಿ. ಲ್ಯಾನ್ಸಿಯ ವಿಚಾರಣೆ ಹೊಸದಾಗಿ ನಡೆಯಬೇಕು, ತಮ್ಮ ವಕೀಲರೇ ಅವನ ಪಕ್ಕ ಕೂರಬೇಕು. ಪತ್ರ ಸತ್ಯವಾದರೆ ನಮ್ಮ ಮೂವತ್ತೊಂದು ಹೆಸರನ್ನು ತಮ್ಮ ಕೈಯಾರೆ ಹೊಡೆದುಹಾಕಿ. ಆಗ ಮಾನ್ಯತೆಗೆ ಬೇಕಾದ ಬಹುಮತಕ್ಕೆ ತಮಗೆ ಮೂವರು ಕಡಿಮೆ ಬೀಳುತ್ತಾರೆ. ನಾನು ಮೂರು ಸಲ ಎಣಿಸಿದ್ದೇನೆ. ಮಾನ್ಯತೆ ಹೋಗುತ್ತದೆ, ತಮ್ಮ ಕುರ್ಚಿಯೂ ಹೋಗುತ್ತದೆ.

ಇದನ್ನು ಸೇಡು ಎಂದು ಕರೆಯುವುದಾದರೆ ಕರೆಯಿರಿ. ನಾನು ಬೇರೆ ಹೆಸರು ಹುಡುಕಿಲ್ಲ.

ಇಂತಿ,
ತಮ್ಮ ಪಟ್ಟಿಯ ಇನ್ನೂರ ಒಂದನೆಯ ಸದಸ್ಯ,
ಸರ್ವೋತ್ತಮ ಆಳ್ವ,
ಬಜಪೆ. ಇದನ್ನು ಬರೆಯುವ ಹೊತ್ತಿಗೆ ಕ್ಯಾಪ್ಟನ್; ತಾವು ಓದುವ ಹೊತ್ತಿಗೆ ಹೇಗೋ ಗೊತ್ತಿಲ್ಲ.