ಒರ್ವಿಲ್ ಅವರ ಹಾಳೆಯಲ್ಲಿ ನಾನು ಹಾಕಿದ ಗುರುತು

ಪ್ರೀತಿಯ ಒರ್ವಿಲ್ ಅವರಿಗೆ,

ನೀವು ಬದುಕಿದ್ದಾಗಲೇ ಬರೆಯಬೇಕಿದ್ದ ಕಾಗದವಿದು. ಆಗ ಪುರುಸೊತ್ತಿರಲಿಲ್ಲ. ಸುಳ್ಳೇಕೆ, ಧೈರ್ಯವಿರಲಿಲ್ಲ.

ಅಕ್ಟೋಬರ್‌ನಿಂದ ನಾವು ನಾಲ್ವರು ವಿದ್ಯಾರ್ಥಿಗಳು ಪ್ರತಿ ಗುರುವಾರ ವಿನ್ನಿಪೆಗ್‌ನ ಆ ಮನೆಯಿಲ್ಲದವರ ತಂಗುದಾಣಕ್ಕೆ ಬರುತ್ತಿದ್ದೆವು. ಬೀದಿಯಲ್ಲಿ ವರ್ಷಗಟ್ಟಲೆ ಕಳೆದವರಿಗೆ ಅಡುಗೆ, ಸಾಮಾನು ತರುವುದು, ಬಸ್ಸು ಹಿಡಿಯುವುದು ಇಂಥ ದಿನನಿತ್ಯದ ಕೆಲಸಗಳನ್ನು ಮತ್ತೆ ರೂಢಿ ಮಾಡಿಸುವುದೇ ನಮ್ಮ ಓದು. ಆಕ್ಯುಪೇಷನಲ್ ಥೆರಪಿ ಎಂದಾಗ ನೀವು ನಕ್ಕುಬಿಟ್ಟಿರಿ. ರೈಲಿನ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ಸೌಟು ಹಿಡಿದವರಿಗೆ ನಾನು ಆಲೂಗಡ್ಡೆ ಹೆಚ್ಚಲು ಕಲಿಸಹೊರಟಿದ್ದೆ, ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ. "ಚಾಕು ಹಿಂಗ್ ಹಿಡಿದ್ರೆ ಸೂಪಲ್ಲಿ ಬೆರಳೇ ಸಿಗೋದು, ತಾಯಿ," ಎಂದು ನನ್ನ ಕೈ ತಿದ್ದಿದವರು ನೀವು.

ಮೊದಲ ದಿನವೇ ಒಪ್ಪಿಗೆ ಪತ್ರ ಓದಿ ಹೇಳಿದ್ದೆ. ನೀವು ಯಾವಾಗ ಬೇಕಾದರೂ ಬಿಟ್ಟುಹೋಗಬಹುದು, ಕಾರಣ ಕೊಡಬೇಕಿಲ್ಲ ಎಂದಿತ್ತು. ನಾವು ಯಾವಾಗ ಬಿಟ್ಟುಹೋಗುತ್ತೇವೆ ಎನ್ನುವುದು ಎಲ್ಲಿದೆ ಎಂದು ಕೇಳಿದಿರಿ. ಎಂಟು ವಾರಕ್ಕೆ ಎಂದೆ. ಸಹಿ ಹಾಕಿದಿರಿ.

ಐದನೇ ವಾರ ನಿಮಗೊಂದು ಕೋಣೆ ಸಿಕ್ಕಿತು. ಹನ್ನೊಂದು ಚಳಿಗಾಲ ಹೊರಗೆ ಕಳೆದ ಮೇಲೆ ಸ್ವಂತ ಬೀಗದಕೈ. ವಸತಿ ಕಚೇರಿಯ ಲೊರೇನ್ ವಾರಕ್ಕೊಮ್ಮೆ ಬಂದು ವಿಚಾರಿಸಿಕೊಳ್ಳುತ್ತಿದ್ದರು. ಕೊನೆಯ ಗುರುವಾರ ನಾನು ನಿಮ್ಮ ಕೋಣೆಯಲ್ಲೇ ಕೂತು ಮೌಲ್ಯಮಾಪನದ ಹಾಳೆ ತುಂಬಿಸಿದೆ. ಒಲೆ ಹಚ್ಚಿದಿರಿ, ಬಾರ್ಲಿ ಸೂಪು ಮಾಡಿದಿರಿ, ಮರೆಯದೆ ಒಲೆ ಆರಿಸಿದಿರಿ. ಆಮೇಲೆ ಮೆಲ್ಲಗೆ ಹೇಳಿದಿರಿ:

"ಮಾಡೋಕೆ ಬರುತ್ತಮ್ಮ. ಒಬ್ನೇ ಕೂತ್ಕೊಂಡು ತಿನ್ನೋಕೆ ಬರಲ್ಲ. ಲೊರೇನ್ ಬರೋದನ್ನ ನಿಲ್ಲಿಸ್ಬೇಡಿ ಅಂತ ಬರ್ಕೋ."

ಹಾಳೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಅಂಚಿನಲ್ಲಿ ಬರೆಯಬಹುದಿತ್ತು. ಆದರೆ ನಮ್ಮ ಯೋಜನೆ ಗೆದ್ದಿತೆಂದು ತೋರಿಸುವ ಆಸೆ ನನಗೆ. 'ಯಾರ ನೆರವೂ ಬೇಕಿಲ್ಲ' ಎಂಬಲ್ಲಿ ಗುರುತು ಹಾಕಿದೆ. ನೀವು ಹಾಳೆಯತ್ತ ನೋಡಲೂ ಇಲ್ಲ, ನನ್ನನ್ನು ನಂಬಿದಿರಿ.

ಆ ಗುರುತನ್ನು ನೋಡಿಯೇ ವಸತಿ ಕಚೇರಿಯವರು ಲೊರೇನ್ ಅವರನ್ನು ಕಳಿಸುವುದು ನಿಲ್ಲಿಸಿದರು. ನೀವು ಮೊದಲು ಜೊತೆಗೆ ಮಲಗುತ್ತಿದ್ದ ನದಿದಂಡೆಯ ಗೆಳೆಯರನ್ನು ಊಟಕ್ಕೆ ಕರೆಯತೊಡಗಿದಿರಂತೆ. ಹೊರಗಿನವರನ್ನು ಕರೆತರುವಂತಿಲ್ಲ ಎಂದು ಕಟ್ಟಡದವರು ಎರಡು ಸಲ ಎಚ್ಚರಿಸಿದರಂತೆ. ನಿಮ್ಮ ಪರವಾಗಿ ಒಂದು ಮಾತಾಡಲು ಯಾರೂ ಇರಲಿಲ್ಲ. ಜನವರಿಯಲ್ಲಿ ಕೋಣೆ ಹೋಯಿತು. ಫೆಬ್ರವರಿಯ ಚಳಿಯಲ್ಲಿ, ಅದೇ ನದಿದಂಡೆಯಲ್ಲಿ, ನೀವೂ ಹೋದಿರಿ. ಅಷ್ಟರಲ್ಲಿ ನನಗೆ ತರಗತಿಗೇ ಹೆಚ್ಚಿನ ಅಂಕ ಬಂದಿತ್ತು. ಇದನ್ನು ಬರೆಯುವಾಗ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತಿದೆ.

ನಿನ್ನೆ ನಿಮ್ಮ ನೆನಪಿಗೆಂದು ತಂಗುದಾಣದಲ್ಲಿ ಎಲ್ಲರೂ ಸೇರಿದ್ದೆವು. ಅಲ್ಲಿನ ಮೇಲ್ವಿಚಾರಕಿ ಗ್ಲೆಂಡಾ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, "ಒರ್ವಿಲ್‌ಗೆ ಕೊನೇಲಿ ಯಾರ ಹಂಗೂ ಬೇಕಾಗಿರ್ಲಿಲ್ಲ." ಜನ ಹೌದೆಂದು ತಲೆಯಾಡಿಸಿದರು. ಅದು ನನ್ನ ಸುಳ್ಳು, ಒರ್ವಿಲ್. ಎಲ್ಲರೂ ಅದನ್ನು ನಿಮ್ಮ ಹೊಗಳಿಕೆ ಎಂದುಕೊಂಡರು. ನಾನು ಬಾಯಿ ಬಿಡಲಿಲ್ಲ.

ನಾಳೆ ಈ ಕಾಗದವನ್ನು ಮೊದಲು ಗ್ಲೆಂಡಾಗೆ, ಆಮೇಲೆ ನನ್ನ ಪ್ರಾಧ್ಯಾಪಕರಿಗೆ ಓದಲು ಕೊಡುತ್ತೇನೆ. ಪದವಿ ಹೋದರೆ ಹೋಗಲಿ. ನಿಮಗೆ ಒಬ್ಬರು ಬೇಕಾಗಿತ್ತು, ಅದನ್ನು ನೀವು ಬಾಯಿಬಿಟ್ಟು ಕೇಳಿದ್ದಿರಿ. ಇಷ್ಟು ಎಲ್ಲರಿಗೂ ತಿಳಿಯಲಿ.

ಈಗ ನೀವಿರುವಲ್ಲಿ ಪಂಕ್ತಿ ತುಂಬಿರಲಿ, ನಿಮ್ಮ ಪಕ್ಕದ ಎಲೆ ಖಾಲಿ ಇರದಿರಲಿ.

ಕ್ಷಮೆ ಕೇಳಲೂ ಮುಖವಿಲ್ಲದ,
ಮಾರ್ಲಿಸ್