ಕಡೆಯವನು ಬರುವ ತನಕ ಟೀ ಇಲ್ಲ

ಅಸ್ತಂಪಟ್ಟಿ, ಸೇಲಂ
19-8-1973, ಭಾನುವಾರ

ಪ್ರೀತಿಯ ಗಂಗೂ,

ಹೇಗಿದ್ದೀ? ಎದ್ದು ನಿಂತರೆ ಕಣ್ಣಿಗೆ ಕತ್ತಲು ಕಟ್ಟುತ್ತದೆ ಎನ್ನುತ್ತಿದ್ದೆಯಲ್ಲ, ಅದು ಈಗ ಕಡಿಮೆಯಾಗಿದೆಯೇ? ಊಟ ಸರಿಯಾಗಿ ಮಾಡುತ್ತಿದ್ದೀಯೋ, ಇಲ್ಲಾ ಅತ್ತೆ ಬಡಿಸಿದ ಮುದ್ದೆಯನ್ನು ತಟ್ಟೆಯಲ್ಲೇ ಮುರಿದು ಮುರಿದು ಇಟ್ಟು ಎದ್ದುಬಿಡುತ್ತೀಯೋ? ಈ ಮೋಡದ ಹವೆಗೆ ಮಾವನವರ ಉಬ್ಬಸ ಹೆಚ್ಚಾಗಿರಬೇಕು. ಬೆಳಿಗ್ಗೆ ಹೊತ್ತು ತಲೆಗೆ ಬಟ್ಟೆ ಸುತ್ತಿಕೊಳ್ಳದೆ ಪಾಠಶಾಲೆಗೆ ಹೊರಡಬೇಡಿರೆಂದು ನಾನು ಹೇಳಿದೆನೆಂದು ಹೇಳು. ಮಾರಂಡಹಳ್ಳಿ ಕಡೆ ಮಳೆಯಾಯಿತೆಂದು ಬಸ್ಸಿನವರು ಹೇಳಿದರು. ರಾಗಿ ಪೈರು ಚೆನ್ನಾಗಿ ಎದ್ದಿದೆಯಂತೆ. ನಾನು ಕ್ಷೇಮವಾಗಿದ್ದೇನೆ ಎಂದು ಬರೆಯುವುದು ರೂಢಿ, ಹಾಗೆಂದು ಬರೆದಿದ್ದೇನೆ.

ಕಾಗದ ಬರೆಯಲು ಕಲಿಸಿದವಳು ನೀನೇ. ತಮಿಳು ಸ್ಕೂಲಿನಲ್ಲಿ ಓದಿದ ಕುರಿಯವರ ಮಗನನ್ನು ಮದುವೆಯಾದ ಹೊಸದರಲ್ಲಿ ಎದುರಿಗೆ ಕೂರಿಸಿಕೊಂಡು, ಮಾವನವರ ಹಳೇ ಸ್ಲೇಟಿನ ಮೇಲೆ ಕನ್ನಡ ತಿದ್ದಿಸಿದೆ. ಬಾಯಲ್ಲಿ ಆಡುವ ಹಾಗೆ 'ಐತೆ' ಎಂದು ಬರೆದರೆ ಬಳಪದಿಂದ ಬೆರಳ ಗೆಣ್ಣಿಗೆ ಕುಟ್ಟುತ್ತಿದ್ದೆ. ಅದಕ್ಕೇ ನೋಡು, ಎಲ್ಲ ಕಡೆ ಮರ್ಯಾದೆಯಾಗಿ 'ಇದೆ' ಎಂದೇ ಬರೆಯುತ್ತಿದ್ದೇನೆ. ಹಿಂದೆ ಹಾಕಿದ ಕಾಗದಗಳಿಗೆ ನೀನು ಉತ್ತರ ಬರೆಯಲಿಲ್ಲ. ಕೋಪವಿಲ್ಲ. ನೀನು ಈ ಮನೆಗೆ ವಾಪಸು ಬರುತ್ತೀಯೋ ಇಲ್ಲವೋ ಎಂಬುದೊಂದೇ ನನಗೆ ತಿಳಿಯಬೇಕಾದದ್ದು. ಯುಗಾದಿಗೆ ಮುಂಚೆ ನಮ್ಮ ಕೂಸು ಮುತ್ತುವನ್ನು ಪೆನ್ನಾಗರಂನಲ್ಲಿ ನಮ್ಮಪ್ಪನ ಹೊಲದಲ್ಲಿ ಹೂತಿಟ್ಟು ಬಂದ ಮೇಲೆ ಧರ್ಮಪುರಿ ಬಸ್ ಸ್ಟ್ಯಾಂಡಿನಲ್ಲಿ ನೀನು ಅಂದದ್ದು ನೆನಪಿದೆಯೇ? "ನಿಮ್ ಕಣ್ಣಾಗೆ ಒಂದು ತೊಟ್ಟು ನೀರು ಬರ್ಲಿಲ್ಲ. ಕಲ್ಲಿನ ಜೊತೆ ಎಂಗೆ ಬದುಕೋದು?" ಹಾಗೆಂದು ತವರಿಗೆ ಮಾರಂಡಹಳ್ಳಿ ಬಸ್ಸು ಹತ್ತಿದೆ. ನಾನು ಸೇಲಂ ಬಸ್ಸು ಹತ್ತಿದೆ. ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದರೆ ನನಗೆ ಊರಿನ ಹೆಸರೇ ಬಾಯಿಗೆ ಬರಲಿಲ್ಲ.

ನೀನು ಅಂದದ್ದು ನಿಜ. ಈಗಲೂ ಬಂದಿಲ್ಲ. ಅಳಬೇಕೆಂದು ಕೂತು ನೋಡಿದ್ದೇನೆ, ಬರುವುದಿಲ್ಲ. ಚಳಿಯಲ್ಲಿ ಕಾಲು ಮಡಿಸಿ ಕೂತು ಎದ್ದಾಗ ಪಾದ ನಮ್ಮದಲ್ಲ ಎನ್ನಿಸುತ್ತದಲ್ಲ, ಮೈಯೆಲ್ಲ ಹಾಗಾಗಿದೆ. ಮಿಲ್ಲಿಗೆ ಹೋಗುತ್ತೇನೆ, ಸ್ಟೋರಿನಲ್ಲಿ ನೂಲಿನ ಬುಟ್ಟಿ ಎಣಿಸುತ್ತೇನೆ, ಬರುತ್ತೇನೆ. ಅನ್ನ ಮಾಡಿಕೊಳ್ಳುತ್ತೇನೆ. ಒಂದು ದಿನ ಉಪ್ಪು ಹಾಕುವುದನ್ನೇ ಮರೆತಿದ್ದೆ, ಉಂಡು ಕೈತೊಳೆದ ಮೇಲೂ ಗೊತ್ತಾಗಲಿಲ್ಲ. ಪಾತ್ರೆ ತೊಳೆಯುವಾಗ ಉಪ್ಪಿನ ಡಬ್ಬಿಯ ಮುಚ್ಚಳ ಬಿಗಿಯಾಗಿಯೇ ಇದ್ದದ್ದು ನೋಡಿ ತಿಳಿಯಿತು. ಭಾನುವಾರ ಮಾತ್ರ ಕಷ್ಟ. ಮಿಲ್ಲಿಗೆ ರಜ. ಹೊಸಿಲ ಮೇಲೆ ಕೂತು ಬೀದಿ ನೋಡುತ್ತಿದ್ದೆ, ಬೀದಿಯಲ್ಲಿ ಏನು ಹೋಯಿತೆಂದು ಕೇಳಿದರೆ ಹೇಳಲಾಗುತ್ತಿರಲಿಲ್ಲ.

ನಮ್ಮ ಬೀದಿಯ ಮೂಲೆಮನೆಯ ಕುಪ್ಪಸ್ವಾಮಿ ವಾತ್ಯಾರರು ನಿನಗೆ ಗೊತ್ತು, ರಿಟೈರಾದ ಡ್ರಿಲ್ ಮಾಸ್ತರರು, ಕೊಳಾಯಿ ಹತ್ತಿರ ಹೆಂಗಸರ ಸಾಲು ಕೆಟ್ಟರೂ ಸೀಟಿ ಊದುವವರು. ಅವರು ಭಾನುವಾರ ಬೆಳಿಗ್ಗೆ ಊರವರನ್ನು ಕಟ್ಟಿಕೊಂಡು ಓಡುತ್ತಾರೆ. ಅಸ್ತಂಪಟ್ಟಿ ಟೀ ಅಂಗಡಿಯಿಂದ ಏರ್ಕಾಡು ರಸ್ತೆಯಲ್ಲಿ ಗೋರಿಮೇಡಿನವರೆಗೆ, ಅಲ್ಲಿಂದ ವಾಪಸು. ಬ್ಯಾಂಕಿನವರು, ಹಾಲಿನವರು, ಪೊಲೀಸ್ ಸೆಲೆಕ್ಷನ್‌ಗೆ ಕಾಯುವವರು, ಹೊಟ್ಟೆ ಕರಗಿಸಬೇಕೆನ್ನುವವರು, ಯಾರು ಬೇಕಾದರೂ ಬರಬಹುದು. ಮೇ ಕೊನೆಯಲ್ಲಿ, ವೈಕಾಸಿ ತಿಂಗಳ ಒಂದು ಭಾನುವಾರ ನನ್ನ ಮುಂದೆ ನಿಂತು, "ಸುಮ್ಮಾ ಉಕ್ಕಾಂದಿರುಕ್ಕಿಯೇ, ವಾ, ಓಡಲಾಂ" ಎಂದರು. ಸುಮ್ಮನೆ ಕೂತಿದ್ದೀಯಲ್ಲ, ಬಾ ಓಡೋಣ ಎಂಬುದಕ್ಕೆ ಒಲ್ಲೆನೆನ್ನಲು ಕಾರಣ ಹುಡುಕಬೇಕಿತ್ತು. ಹುಡುಕುವಷ್ಟು ತ್ರಾಣವಿರಲಿಲ್ಲ. ಎದ್ದು ಹೋದೆ. ಪಂಚೆ ಎತ್ತಿ ಕಟ್ಟಿ ಬರಿಗಾಲಲ್ಲಿ ಓಡಿದವನು ನಾನೊಬ್ಬನೇ. ಆಮೇಲೆ ಮಿಲ್ಲಿನ ವಾಚ್‌ಮನ್ ತನ್ನ ಹಳೇ ಖಾಕಿ ಚಡ್ಡಿ ಕೊಟ್ಟ. ಅದು ಎಷ್ಟು ಅಗಲವೆಂದರೆ ಗಾಳಿ ಬೀಸಿದಾಗ ನಾನು ಮುಂದೆ ಹೋದರೂ ಚಡ್ಡಿ ಹಿಂದೆಯೇ ಉಳಿಯುತ್ತದೆ. ನೀನು ನೋಡಿದ್ದರೆ ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದೆ.

ನಿನ್ನ ಗಂಡ ಓಡುತ್ತಾನೆಂದು ಹೆಮ್ಮೆಪಡಬೇಡ. ನನ್ನಷ್ಟು ನಿಧಾನವಾಗಿ ಓಡುವವರು ಆ ಗುಂಪಿನಲ್ಲಿ ಇರಲಿಲ್ಲ. ಮೊದಲ ದಿನ ಹಾಲಿನವರು ಖಾಲಿ ಕ್ಯಾನು ಕಟ್ಟಿದ ಸೈಕಲ್ಲನ್ನು ತಳ್ಳಿಕೊಂಡು ನಡೆದೇ ನನ್ನನ್ನು ದಾಟಿ ಹೋದರು. ಗೋರಿಮೇಡಿನ ಏರಿನಲ್ಲಿ ಹುಣಸೆಮರ ಹಿಡಿದುಕೊಂಡು ನಿಂತೆ, ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬಂತು. ಎಲ್ಲರೂ ಮನೆಗೆ ಹೋಗಿರುತ್ತಾರೆ, ನಾನೂ ಹಿತ್ತಲ ಬೀದಿಯಲ್ಲಿ ಮನೆ ಸೇರಿಕೊಂಡರಾಯಿತು ಎಂದುಕೊಂಡು ಬಂದರೆ, ಟೀ ಅಂಗಡಿ ಮುಂದೆ ಅಷ್ಟೂ ಜನ ನಿಂತೇ ಇದ್ದಾರೆ. ಕುಪ್ಪಸ್ವಾಮಿಯವರ ಕಟ್ಟಳೆ ಅದು. ಕಡೆಯವನು ಬಂದು ಸೇರುವ ತನಕ ಯಾರೂ ಟೀ ಲೋಟ ಮುಟ್ಟುವಂತಿಲ್ಲ. ಬ್ಯಾಂಕಿನವರು ಗಡಿಯಾರ ನೋಡುತ್ತಿದ್ದರು, ಒಬ್ಬರು ಬೆಂಚಿನ ಮೇಲೆ ಕೂತೇ ತೂಕಡಿಸುತ್ತಿದ್ದರು. ನಾನು ಬಂದೊಡನೆ ಎಲ್ಲರೂ ಒಟ್ಟಿಗೆ ಲೋಟಕ್ಕೆ ಕೈ ಹಾಕಿದರು, ನನ್ನನ್ನು ಯಾರೂ ನೋಡಲಿಲ್ಲ. ಅದೇ ನನಗೆ ಹಿತವಾಯಿತು. ಕುಪ್ಪಸ್ವಾಮಿಯವರೊಬ್ಬರನ್ನು ಬಿಟ್ಟರೆ ಇಲ್ಲಿ ಯಾರಿಗೂ ಮುತ್ತುವಿನ ವಿಷಯ ಗೊತ್ತಿಲ್ಲ, ಅವರು ಅದನ್ನು ಎತ್ತುವವರಲ್ಲ. ಗೊತ್ತಿರುವವರು ನನ್ನ ಮುಖ ನೋಡಿ, ಎಷ್ಟು ಗಟ್ಟಿ ಮನಸ್ಸು ಎನ್ನುತ್ತಾರಲ್ಲ, ಆ ಮಾತು ಇಲ್ಲಿಲ್ಲ.

ಮತ್ತೆ ಯಾಕೆ ಹೋದೆ ಎಂದು ಕೇಳುತ್ತೀಯ. ಆಸೆಯಿಂದಲ್ಲ. ಹೋಗದಿದ್ದರೆ ಕುಪ್ಪಸ್ವಾಮಿಯವರು ಕಿಟಕಿ ಹತ್ತಿರ ನಿಂತು ಸೀಟಿ ಊದುತ್ತಾರೆ, ಬೀದಿಯ ನಾಯಿಗಳೆಲ್ಲ ಎದ್ದು ಕೂಗುತ್ತವೆ. ಓಡುವಾಗ ನನ್ನದೇ ಉಸಿರಿನ ಸದ್ದು ಕಿವಿ ತುಂಬುತ್ತದೆ, ಅದೂ ಒಂದು ಕಾರಣ. ಮನೆಯಲ್ಲಿ ಯಾವ ಸದ್ದೂ ಇಲ್ಲವಲ್ಲ. ಏರಿನಲ್ಲಿ ನಾನು ನಿಂತುಬಿಟ್ಟಾಗಲೆಲ್ಲ ಅವರು ವಾಪಸು ಬರುವ ದಾರಿಯಲ್ಲಿ ಎದುರಾಗಿ, "ಮೆದುವಾ ವಾ, ಆನಾ ನಿಕ್ಕಾದೇ" ಎನ್ನುತ್ತಾರೆ. ನಿಧಾನವಾಗಿ ಬಾ, ಆದರೆ ನಿಲ್ಲಬೇಡ. ಅವರು ಎಲ್ಲರಿಗೂ ಅದನ್ನೇ ಹೇಳುತ್ತಾರೆ, ನನಗೆಂದು ವಿಶೇಷವಾಗಿ ಹೇಳಿದ್ದಲ್ಲ. ಆದರೂ ಆ ಮಾತು ಕಾಲಿಗೆ ಕೇಳಿಸುತ್ತದೆ. ಈಗ ಹುಣಸೆಮರ ಹಿಡಿದುಕೊಳ್ಳದೆ ಏರು ಹತ್ತುತ್ತೇನೆ. ಇಷ್ಟು ದಿನದಲ್ಲಿ ನಾನು ಸಾಧಿಸಿದ್ದು ಅಷ್ಟೇ.

ಆಡಿ ತಿಂಗಳಲ್ಲಿ, ಜುಲೈ ಕೊನೆಗೆ, ಟೈಲರ್ ಮುನುಸ್ವಾಮಿ ಬಂದು ಸೇರಿದರು. ದಪ್ಪ ಆಳು. ಸಕ್ಕರೆ ಕಾಯಿಲೆ, ಡಾಕ್ಟರು ಹೆದರಿಸಿ ಕಳಿಸಿದ್ದಾರೆ. ನಾಲ್ಕು ಹೆಜ್ಜೆ ಓಡಿ ಎಂಟು ಹೆಜ್ಜೆ ನಡೆಯುತ್ತಾರೆ. ಗುಂಪಿಗೆಲ್ಲ ಖುಷಿ, ಈ ನಿನ್ನ ಸಣ್ಣಯ್ಯನಿಗಿಂತ ಹಿಂದೆ ಬೀಳುವವರು ಸಿಕ್ಕರೆಂದು. ಮೊನ್ನೆ ಆಗಸ್ಟ್ ಹದಿನೈದಕ್ಕೆ ಧ್ವಜ ಹಾರಿಸಿದ ಮೇಲೆ ಅದೇ ದಾರಿಯಲ್ಲಿ ದೊಡ್ಡ ಓಟವಿತ್ತು. ಸ್ಕೂಲುಗಳವರು, ಮಿಲ್ಲುಗಳವರು ಎಲ್ಲ ಬಂದಿದ್ದರು. ರಸ್ತೆಯ ಎರಡು ಕಡೆ ಜನ. ಬ್ಯಾಂಕಿನವರು ನನ್ನ ಬೆನ್ನು ತಟ್ಟಿ, ಇವತ್ತು ಟೈಲರನ್ನು ಬಿಡಬೇಡ, ಒಂದು ಸಲವಾದರೂ ಕಡೆಯವನಾಗದೆ ಬಾ ಎಂದರು. ನನಗೂ ಎಲ್ಲೋ ಒಳಗೆ ಆಗಲಿ ಎನ್ನಿಸಿತು. ಎಷ್ಟೋ ದಿನದ ಮೇಲೆ ಹಾಗೆ ಏನಾದರೂ ಬೇಕೆನ್ನಿಸಿದ್ದು.

ಹೊರಡುವಾಗ ನೂಕುನುಗ್ಗಲಿನಲ್ಲಿ ನಾನು ಎಲ್ಲರಿಗಿಂತ ಹಿಂದೆ ಉಳಿದೆ. ಗೋರಿಮೇಡಿನ ಏರಿನಲ್ಲಿ ಮುನುಸ್ವಾಮಿ ನನ್ನ ಮುಂದೆಯೇ ಸಿಕ್ಕರು. ಬನಿಯನ್ ಬೆನ್ನಿಗಂಟಿತ್ತು, ಕತ್ತು ಒಂದು ಕಡೆ ವಾಲಿತ್ತು. ಪಕ್ಕದಲ್ಲಿ ಬೇಕಾದಷ್ಟು ರಸ್ತೆ ಇತ್ತು. ದಾಟಿ ಹೋಗುವುದೇನೂ ಕಷ್ಟವಿರಲಿಲ್ಲ. ಆದರೆ ನನ್ನ ಕಾಲು ಅವರ ಬೆನ್ನ ಹಿಂದೆ ಬಂದು ತಾನಾಗಿ ನಿಧಾನವಾಯಿತು. ಎಷ್ಟು ಹೇಳಿದರೂ ಮುಂದೆ ಹೋಗಲೊಲ್ಲದು. ನಮ್ಮಪ್ಪ ಮಾದಪ್ಪನನ್ನು ನೀನು ನೋಡಲಿಲ್ಲ, ನಮ್ಮ ಮದುವೆಗೆ ಮುಂಚೆಯೇ ತೀರಿಕೊಂಡ. ಸಂಜೆ ಮಂದೆಯನ್ನು ಮನೆಗೆ ತಿರುಗಿಸುವಾಗ ಅವನು ಮುಂದೆ ಕೂಗುತ್ತಾ ಹೋಗುತ್ತಿದ್ದ, ಹಿಂದೆ ಬರುವುದು ನನ್ನ ಕೆಲಸ. "ಹಿಂದ್ಲೋನು ಕಡೇ ಕುರೀನ ದಾಟ್ಬಾರ್ದು ಕಲಾ. ದಾಟುದ್ರೆ ಅದು ಅಲ್ಲೇ ಕೂತ್ಕತೈತೆ, ಮತ್ತೆ ಏಳಾಕಿಲ್ಲ" ಎನ್ನುತ್ತಿದ್ದ. ಕುಂಟುವ ಕುರಿಯೋ, ಮರಿ ಹಾಕಿ ಸೋತ ಕುರಿಯೋ, ಅದು ಎಷ್ಟು ನಿಧಾನವೋ ನಾನೂ ಅಷ್ಟೇ ನಿಧಾನ. ಅದರ ಹಿಂದೆ ಯಾರೋ ಇದ್ದಾರೆಂದು ಅದಕ್ಕೆ ಕೇಳಿಸುತ್ತಿರಬೇಕು, ಅದಕ್ಕಾಗಿ ನಾಲಿಗೆ ಆಡಿಸಿ ಸದ್ದು ಮಾಡುತ್ತಿರಬೇಕು.

ಗಂಗೂ, ನಾನು ಆ ಸದ್ದು ಮಾಡಿಬಿಟ್ಟೆ. ಸೇಲಂನ ನಡುರಸ್ತೆಯಲ್ಲಿ, ಸ್ವಾತಂತ್ರ್ಯ ದಿನ, ಜನ ನೋಡುತ್ತಿರುವಾಗ, ಸಂಸಾರಸ್ಥರಾದ ಟೈಲರ್ ಒಬ್ಬರ ಬೆನ್ನ ಹಿಂದೆ "ಟ್ರ್ರ್ರ್ ಟ್ರ್ರ್ರ್ ಹೋಯ್" ಎಂದೆ. ನನಗೆ ಗೊತ್ತೇ ಆಗಲಿಲ್ಲ. ಮುನುಸ್ವಾಮಿ ನಡಿಗೆ ನಿಲ್ಲಿಸದೆ ಕತ್ತು ಮಾತ್ರ ತಿರುಗಿಸಿ, "ಯೋವ್, ನಾನ್ ಎನ್ನ ಆಡಾ?" ಎಂದರು. ನಾನೇನು ಕುರಿಯೇ ಎಂದು. ಎಷ್ಟು ಸಿಟ್ಟಿನಿಂದ ಕೇಳಿದರೆಂದರೆ, ಕೇಳಿದ ಭರಕ್ಕೆ ಅವರು ಮತ್ತೆ ಓಡಲು ಶುರುಮಾಡಿದರು. ನಾನು ನಕ್ಕೆ. ಸಣ್ಣಗಲ್ಲ, ಓಡಲಾಗದೆ ಹೊಟ್ಟೆ ಹಿಡಿದುಕೊಳ್ಳುವಷ್ಟು. ಅವರೂ ನಗುತ್ತಿದ್ದರು, ಬೆನ್ನು ಕುಲುಕುವುದು ಕಾಣುತ್ತಿತ್ತು. ಹಾಗೇ ಇಬ್ಬರೂ ಮುಂದೊಬ್ಬರು ಹಿಂದೊಬ್ಬರು ಟೀ ಅಂಗಡಿಯವರೆಗೆ ಬಂದೆವು, ನಾನೇ ಕಡೆಯವನು. ಗೆದ್ದವರಿಗೆ ಬಹುಮಾನ ಕೊಟ್ಟೂ ಆಗಿತ್ತು. ಅಷ್ಟು ದೊಡ್ಡ ಓಟವಾದರೂ ನಮ್ಮವರು ಮಾತ್ರ ಲೋಟ ಮುಟ್ಟದೆ ನಿಂತಿದ್ದರು. ಟೀ ಆರಿ ಕೆನೆ ಕಟ್ಟಿತ್ತು. ಬ್ಯಾಂಕಿನವರು ನನ್ನನ್ನು ಬೈದರು. ಕುಪ್ಪಸ್ವಾಮಿಯವರು ಬೈಯಲಿಲ್ಲ, ಅಂಗಡಿಯವನಿಗೆ ಮತ್ತೆ ಕಾಯಿಸಲು ಹೇಳಿದರು.

ಮನೆಗೆ ಬಂದ ಮೇಲೆ ಭಯವಾಯಿತು. ಮಗು ಹೋದಾಗ ಅಳದವನು ಈಗ ನಕ್ಕೆನೆಂದು. ಬಾಗಿಲು ಹಾಕಿಕೊಂಡು ಗೋಡೆಗೆ ಒರಗಿ ಕೂತೆ. ಈಗಲಾದರೂ ಅಳು ಬರಬಹುದೆಂದು ಕಾದೆ, ಬರಲಿಲ್ಲ. ಇದನ್ನು ನಿನಗೆ ಬರೆಯಬಾರದು, ಬರೆದರೆ ನೀನು ಇನ್ನು ವಾಪಸು ಬರುವುದೇ ಇಲ್ಲ ಎಂದು ಅಂದಿನಿಂದ ಯೋಚಿಸಿದೆ. ಆದರೆ ನಗು ಬಂದಾಗ ಮೊದಲು ಹೇಳಬೇಕೆನ್ನಿಸಿದ್ದು ನಿನಗೇ. ಮುತ್ತುವಿಗೆ ಆ 'ಟ್ರ್ರ್ರ್' ಸದ್ದು ಕೇಳಿದರೆ ಎಷ್ಟು ಇಷ್ಟವಿತ್ತು, ಒಸಡು ತೋರಿಸಿ ನಗುತ್ತಿದ್ದಳಲ್ಲ. ನೀನು ಬೇಸರ ಮಾಡಿಕೊಂಡರೂ ಸರಿ, ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ. ಅವಳು ಬೇಕು ನನಗೆ. ನೀನೂ ಬೇಕು.

ಮಾವನವರಿಗೂ ಅತ್ತೆಗೂ ನಮಸ್ಕಾರ ತಿಳಿಸು. ಕಾಗದದಲ್ಲಿ ಕಾಗುಣಿತ ತಪ್ಪಿದ್ದರೆ ಮಾವನವರಿಗೆ ತೋರಿಸಬೇಡ, ನೀನೇ ತಿದ್ದಿಕೋ. ಊಟ ಬಿಡಬೇಡ. ನಮ್ಮ ಮಾದೇಶ್ವರ ನಿನ್ನನ್ನು ಚೆನ್ನಾಗಿ ಇಟ್ಟಿರಲಿ.

ಇಂತಿ ನಿನ್ನ
ಸಣ್ಣಯ್ಯ

ತಾ.ಕ.: ಅಂಚೆ ಡಬ್ಬ ತೆಗೆಯುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನೆ ಪೆನ್ನಾಗರಂನಿಂದ ಅವ್ವ ಬಂದಿದ್ದಳು. ನಿನ್ನನ್ನು ಈ ತಿಂಗಳೇ ಕರೆತರಬೇಕಂತೆ. "ಅಳ್ತಾ ಕೂತ್ರೆ ಆಯ್ತದಾ, ಬೇಗ ಮರ್ತುಬುಡು ಅನ್ನು, ಬರೋ ವರ್ಸಕ್ಕೆ ಗಂಡು ಕೂಸು ಉಟ್ತೈತೆ" ಎಂದು ನಿನಗೆ ಅಂದದ್ದನ್ನೇ ನನಗೂ ಅಂದಳು. ನಡುಮನೆಯಲ್ಲಿ ನಿನ್ನ ಹಸಿರು ಸೀರೆಯಲ್ಲಿ ಕಟ್ಟಿದ ಮುತ್ತುವಿನ ಜೋಲಿಯನ್ನು ಬಿಚ್ಚಲು ಹೋದಳು. ಕೈ ಹಿಡಿದು ಬೇಡವೆಂದೆ. ಗಂಗೂ ಎಷ್ಟು ನಿಧಾನವೋ ಅಷ್ಟು ನಿಧಾನವಾಗಿ ಬರಲಿ ಎಂದೆ. ಜೋಲಿ ಹಾಗೇ ಇದೆ, ನೀನು ಹೇಳಿದ ದಿನ ಬಿಚ್ಚುತ್ತೇನೆ, ಹೇಳದಿದ್ದರೆ ಇಲ್ಲ. ಬರಬೇಕೆನ್ನಿಸಿದಾಗ ಒಂದು ಕಾರ್ಡು ಹಾಕು, ಕರೆತರಲು ಬರುತ್ತೇನೆ. ಸೇಲಂನಲ್ಲಿ ಬಸ್ಸಿಳಿದ ಮೇಲೆ ಮನೆಯವರೆಗೆ ನೀನು ಮುಂದೆ ನಡೆ, ಬೇಕಾದ ಕಡೆ ನಿಂತುಕೋ. ಗಂಡ ಹೆಂಡತಿಯ ಹಿಂದೆ ಬರುತ್ತಾನೆಂದು ಬೀದಿಯವರು ನಗಲಿ. ನಾನು ನಿನ್ನನ್ನು ದಾಟಿ ಹೋಗುವುದಿಲ್ಲ.