ನಾಲ್ಕನೇ ಅಂತಸ್ತಿನ ಹಲಗೆ

ಭಾವ,

ಮೊದಲ ಸಾಲಿನಲ್ಲೇ ಕ್ಷೇಮ ಸಮಾಚಾರ ಬರೆಯಬೇಕು. ನೀವು ಹೋಗಿ ಒಂದು ವರ್ಷ ಏಳು ತಿಂಗಳಾಯಿತು. ನಿಮ್ಮ ಕ್ಷೇಮವನ್ನು ಹೇಗೆ ಕೇಳಲಿ, ನನ್ನದನ್ನು ಯಾವ ಬಾಯಿಂದ ಹೇಳಲಿ? ಬದುಕಿದ್ದಾಗ ನಿಮಗೆ ಒಂದು ಸಾಲೂ ಬರೆದವನಲ್ಲ ನಾನು. ಬರೆಯುವ ಅಗತ್ಯವಾದರೂ ಏನಿತ್ತು? ಇಬ್ಬರಿಗೂ ಒಂದೇ ಬಸ್ಸು, ಒಂದೇ ಗೋಡೆ, ಅಕ್ಕ ಕಟ್ಟಿಕೊಟ್ಟ ಒಂದೇ ಬುತ್ತಿ. ಮೊದಲ ನಾಲ್ಕು ವರ್ಷ ನಿಮ್ಮ ಪಕ್ಕ ನಿಂತು ಇಟ್ಟಿಗೆ ಎತ್ತಿಕೊಟ್ಟೆ, ಆಮೇಲಿನ ಹತ್ತು ವರ್ಷ ಅದೇ ಪಕ್ಕದಲ್ಲಿ ನಿಂತು ಇಟ್ಟಿಗೆ ಇಟ್ಟೆ. ಗೋಡೆ ಒಂದು ಕೂದಲೆಳೆ ವಾಲಿದರೂ ನೀವು ಕರಣೆ ಕೆಳಗಿಟ್ಟು, "ಏನೋ ಆತುರಗಾರ, ಈ ಗೋಡೆ ಬೆಳಗ್ಗೆ ಬೆಳಗ್ಗೆನೇ ಕುಡಿದು ಬಂದಂಗಿದೆಯಲ್ಲೋ" ಎನ್ನುತ್ತಿದ್ದಿರಿ. ಹೆತ್ತವರಿಟ್ಟ ಹೆಸರಿನಿಂದ ನೀವು ನನ್ನನ್ನು ಒಂದು ದಿನವೂ ಕರೆಯಲಿಲ್ಲ. ನಿಮಗೆ ನಾನು ಆತುರಗಾರನೇ.

ಅವತ್ತು ನಾಲ್ಕನೇ ಅಂತಸ್ತಿನ ಹೊರಗೋಡೆಗೆ ಬಿದಿರು, ಹಲಗೆ ಸೇರಿಸಿ ಕಟ್ಟಿದ್ದ ಸಾರುವೆಯಿಂದ ಇಬ್ಬರೂ ಬಿದ್ದೆವು. ನೀವು ಕೆಳಗಿದ್ದ ಜಲ್ಲಿಯ ಮೇಲೆ, ನಾನು ಅದರ ಪಕ್ಕದ ಮರಳಿನ ಮೇಲೆ. ನನ್ನ ಬದುಕಿಗೂ ನಿಮ್ಮ ಸಾವಿಗೂ ಇದ್ದದ್ದು ಅಷ್ಟೇ ಅಂತರ, ಮೂರು ಅಡಿ. ನನ್ನ ಸೊಂಟದ ಕೆಳಗೆ ಈಗ ಜೀವವಿಲ್ಲ. ಕಾಲುಗಳು ಇವೆ, ಯಾರೋ ಮರೆತು ಬಿಟ್ಟುಹೋದ ಸಾಮಾನಿನ ಹಾಗೆ ನನ್ನ ಜೊತೆ ಬರುತ್ತವೆ.

ಆಸ್ಪತ್ರೆಯಲ್ಲಿ ಎಚ್ಚರವಾದಾಗ ಅಕ್ಕ ತಲೆದಿಂಬಿನ ಹತ್ತಿರ ನಿಂತಿದ್ದಳು. ಅಷ್ಟರಲ್ಲಿ ನಿಮ್ಮ ಕಾರ್ಯವೆಲ್ಲ ಮುಗಿದಿತ್ತು. ಅವಳು ಕೇಳಿದ್ದು ಒಂದೇ ಪ್ರಶ್ನೆ. "ಬೀಳುವಾಗ ಅವರು ಏನಾದ್ರೂ ಅಂದ್ರಾ?" ನಿನ್ನ ಹೆಸರು ಹಿಡಿದು ಕೂಗಿದರು ಎಂದೆ. ಅವಳು ಮಂಚದ ಕಬ್ಬಿಣಕ್ಕೆ ಹಣೆ ಒತ್ತಿಕೊಂಡಳು. ಮೂರು ತಿಂಗಳ ನಂತರ ನನ್ನನ್ನು ಮನೆಗೆ ಕರೆದೊಯ್ದು, ನೀವು ಮಲಗುತ್ತಿದ್ದ ಕೋಣೆಯಲ್ಲೇ ನನ್ನ ಮಂಚ ಹಾಕಿದಳು. ದಿನಾ ಬೆಳಗ್ಗೆ ಕಂಕುಳಿಗೆ ಕೈ ಕೊಟ್ಟು ಎತ್ತಿ ಗಾಲಿಕುರ್ಚಿಗೆ ಕೂರಿಸುವಳು, ಆಮೇಲೆ ಆಸ್ಪತ್ರೆಯ ಲಾಂಡ್ರಿಗೆ ಹೋಗಿ ಸಂಜೆವರೆಗೆ ಹಾಸಿಗೆ ಬಟ್ಟೆ ಮಡಚುವಳು. ನನ್ನನ್ನು ಎತ್ತುವಾಗಲೆಲ್ಲ ಕಂಟ್ರಾಕ್ಟರನಿಗೆ ಶಾಪ. "ಹಳೇ ಬಿದಿರು ತಂದು ನಿಲ್ಸಿದ್ನಲ್ಲ, ಅವನ ಮನೆ ಹಾಳಾಗ." ತನಿಖೆಯವರು ಬರೆದುಕೊಂಡದ್ದೂ ಅದನ್ನೇ, ಬಿದಿರು ಹಳೆಯದಾಗಿತ್ತು ಎಂದು. ನಾನು ತಲೆ ತಗ್ಗಿಸಿ ಅವಳು ಬಡಿಸಿದ್ದನ್ನು ತಿನ್ನುತ್ತಿದ್ದೆ. ಅವಳು ಅತ್ತರೆ ನಾನೇ ಸಮಾಧಾನ ಮಾಡುತ್ತಿದ್ದೆ. ಹೌದು ಭಾವ, ನಾನೇ.

ಕಳೆದ ವರ್ಷ ಆಸ್ಪತ್ರೆಯ ಹಿಂದಿನ ಪುನರ್ವಸತಿ ಕೇಂದ್ರದಲ್ಲಿ ಹೊಸ ತರಬೇತಿ ಶುರುವಾಯಿತು. ವಿಡಿಯೋ ಗೇಮಿನೊಳಗೆ ಕಾಣುವ ಬೀದಿ, ಮನೆ, ಕಟ್ಟಡಗಳನ್ನು ಕಂಪ್ಯೂಟರಿನಲ್ಲಿ ಕಟ್ಟುವ ವಿದ್ಯೆ. ಅಕ್ಕನೇ ಹೆಸರು ಬರೆಸಿ ಬಂದಳು. "ಕೂತ ಕಡೆನೇ ಕಟ್ಟೋ ಕೆಲಸ ಅಂತೆ ಕಣೋ. ಗೋಡೆ, ಮೆಟ್ಟಿಲು, ಎಲ್ಲಾ. ನಿನಗಲ್ದೆ ಇನ್ಯಾರಿಗೆ ಗೊತ್ತಿರುತ್ತೆ?" ನೀವು ಹೋದ ಮೇಲೆ ಅವಳ ಮುಖದಲ್ಲಿ ಅಷ್ಟು ಬೆಳಕು ಕಂಡದ್ದು ಅವತ್ತೇ. ಒಲ್ಲೆ ಎನ್ನಲು ನಾಲಗೆ ಏಳಲಿಲ್ಲ.

ಮೊದಲ ದಿನ ಮೌಸ್ ಹಿಡಿಯಲೇ ಬರಲಿಲ್ಲ. ಕರಣೆ ಹಿಡಿದ ಕೈ. ಒತ್ತಿದರೆ ಜೋರಾಗಿ ಒತ್ತುತ್ತದೆ, ಎಳೆದರೆ ಪರದೆಯ ಆಚೆಗೇ ಎಳೆಯುತ್ತದೆ. ಅಳತೆಯಲ್ಲಿ ನನಗೆ ಯಾರೂ ಹೇಳಿಕೊಡಬೇಕಿಲ್ಲ ಎಂಬ ಜಂಬವಿತ್ತಲ್ಲ, ಏಳಡಿ ಬಾಗಿಲಿಗೆ ಏಳು ಎಂದು ಬರೆದೆ. ಆ ಕಂಪ್ಯೂಟರಿಗೆ ಅಡಿ ಗೊತ್ತಿಲ್ಲ, ಗೊತ್ತಿರುವುದು ಸೆಂಟಿಮೀಟರ್ ಮಾತ್ರ. ಬಾಗಿಲು ಆಟಗಾರನ ಪಾದದ ಹತ್ತಿರ ಬೆಂಕಿಪೊಟ್ಟಣದಂತೆ ನಿಂತಿತು. ಪಕ್ಕದ ಕುರ್ಚಿಯಲ್ಲಿ ಒಂದು ಕೈ ಕಳೆದುಕೊಂಡ ಲಾರಿ ಡ್ರೈವರ್ ಒಬ್ಬರಿದ್ದರು, "ಮೇಸ್ತ್ರಿ, ಇದು ಇರುವೆಗೆ ಕಟ್ಟಿದ ಮನೆಯೇನ್ರಿ?" ಎಂದರು. ನಾನೂ ನಕ್ಕೆ. ನೀವಿದ್ದಿದ್ದರೆ ಒಂದು ವಾರ ಅದನ್ನೇ ಹೇಳಿಕೊಂಡು ನಗುತ್ತಿದ್ದಿರಿ.

ಆಮೇಲೆ ಗೋಡೆ. ನೀವು ಕಲಿಸಿದಂತೆ ಇಟ್ಟಿಗೆಯ ಮೇಲೆ ಇಟ್ಟಿಗೆ, ಸಂದು ತಪ್ಪಿಸಿ, ಒಂದೊಂದನ್ನೇ ಇಡುತ್ತಾ ಹೋದೆ. ಮೂರು ವಾರ ಹಿಡಿಯಿತು. ಎರಡು ಸಾವಿರ ಇಟ್ಟಿಗೆ ದಾಟುತ್ತಿದ್ದಂತೆ ಕಂಪ್ಯೂಟರ್ ಉಸಿರುಕಟ್ಟಿ ನಿಂತೇಬಿಟ್ಟಿತು. ಟೀಚರ್ ಬಂದು ನೋಡಿದರು. ನನಗಿಂತ ಹತ್ತು ವರ್ಷ ಚಿಕ್ಕವರು, ಒಳ್ಳೆಯ ಹೆಂಗಸು. "ಅಯ್ಯೋ ಇಷ್ಟೊಂದು ಯಾಕೆ ಕಷ್ಟಪಟ್ರಿ? ಒಂದು ಚಪ್ಪಟೆ ಹಾಳೆ ಇಟ್ಟು ಅದರ ಮೇಲೆ ಇಟ್ಟಿಗೆ ಚಿತ್ರ ಅಂಟಿಸಿದ್ರೆ ಸಾಕು" ಎಂದು ಎರಡೇ ನಿಮಿಷದಲ್ಲಿ ಮಾಡಿ ತೋರಿಸಿದರು. ನನ್ನ ಗೋಡೆಗಿಂತ ಚೆನ್ನಾಗಿಯೇ ಇತ್ತು. ಆ ಹಾಳೆಯನ್ನು ತಿರುಗಿಸಿ ನೋಡಿದೆ. ಹಿಂಬದಿಯೇ ಇರಲಿಲ್ಲ. ಆಟಗಾರ ಹೋಗದ ಕಡೆ ಏನನ್ನೂ ಕಟ್ಟಬೇಕಾಗಿಲ್ಲವಂತೆ. ಹದಿನಾಲ್ಕು ವರ್ಷ ಕಲಿತದ್ದು ಯಾವ ಮೂಲೆಗೂ ಬೇಡವಾಯಿತಲ್ಲ ಎಂದು ಅವತ್ತು ಊಟ ಸೇರಲಿಲ್ಲ.

ಒಂದು ಮಾತ್ರ ಕೈಹಿಡಿಯಿತು: ಮೆಟ್ಟಿಲು. ಕಾಲಿಟ್ಟರೆ ಕಾಲು ಯೋಚಿಸಬಾರದು ಎಂದು ನೀವು ಹೇಳುತ್ತಿದ್ದ ಅದೇ ಎತ್ತರ, ಅದೇ ಅಗಲ. ಟೀಚರ್ ಇಡೀ ತರಗತಿಯನ್ನು ಕರೆದು ತೋರಿಸಿದರು. ಸಂಜೆ ಅಕ್ಕನಿಗೆ ಹೇಳಿದೆ. ಅವಳು ಲಾಂಡ್ರಿಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಳು, "ನಮ್ಮ ಯಜಮಾನರ ಹತ್ರ ಕಲಿತ ಕೈ" ಎಂದು.

ಆ ಉಬ್ಬಿನಲ್ಲೇ ನಾನು ಕೆಟ್ಟೆ. ನಾಲ್ಕನೇ ತಿಂಗಳಲ್ಲಿ ಟೀಚರ್ "ನಿಮಗೆ ಚೆನ್ನಾಗಿ ಗೊತ್ತಿರೋ ಒಂದು ಜಾಗ ಕಟ್ಟಿ" ಎಂದಾಗ ಬೇರೆ ಯಾವ ಜಾಗವೂ ತಲೆಗೆ ಬರಲಿಲ್ಲ. ನಮ್ಮ ಆ ಕಟ್ಟಡವನ್ನೇ ಕಟ್ಟಲು ಕುಳಿತೆ. ನಾಲ್ಕು ಅಂತಸ್ತು, ಗಾರೆ ಬಳಿಯದ ಗೋಡೆ, ಕೆಳಗೆ ನೀರಿನ ಡ್ರಮ್ಮು, ಸಿಮೆಂಟ್ ಚೀಲ, ಒಂದು ಗುಡ್ಡೆ ಜಲ್ಲಿ, ಒಂದು ಗುಡ್ಡೆ ಮರಳು. ಹೊರಗೋಡೆಗೆ ಸಾರುವೆ. ಹಲಗೆ. ಹಗ್ಗ. ಹಗ್ಗ ಸುತ್ತುವಾಗ, ಇಲ್ಲಾದರೂ ಮೂರು ಸುತ್ತು ಸುತ್ತಿದೆ ಭಾವ.

ಮುಗಿದ ದಿನ ಅಕ್ಕನಿಗೆ ರಜೆಯಿತ್ತು. ನನ್ನನ್ನು ಕರೆದೊಯ್ಯಲು ಬೇಗ ಬಂದವಳು ಕುರ್ಚಿಯ ಹಿಂದೆ ನಿಂತಳು. ಟೀಚರ್ ಆಟ ಶುರು ಮಾಡಲು ಹೇಳಿದರು. ಪರದೆಯ ಮೇಲಿನ ಮನುಷ್ಯನನ್ನು ನಡೆಸಿಕೊಂಡು ಹೋದೆ. ಮರಳಿನ ಪಕ್ಕ ಹಾದು, ನನ್ನ ಮೆಟ್ಟಿಲು ಹತ್ತಿ, ಒಂದು, ಎರಡು, ಮೂರು, ನಾಲ್ಕನೇ ಅಂತಸ್ತು. ಕಿಟಕಿಯ ಸಂದಿಯಿಂದ ಹಲಗೆಯ ಮೇಲೆ ಅವನ ಕಾಲು ಇಡಿಸಿದೆ. ಹಲಗೆ ಅಲ್ಲೇ ಇತ್ತು, ಕಣ್ಣಿಗೆ ಕಾಣುತ್ತಿತ್ತು. ಅವನು ಅದರೊಳಗಿಂದ ತೂರಿ ಬಿದ್ದ. ನೆಲವನ್ನೂ ತೂರಿಕೊಂಡು ಹೋದ. ಕೆಳಗೆ ಏನೂ ಇಲ್ಲದ ಬೂದು ಬಣ್ಣದಲ್ಲಿ ಬೀಳುತ್ತಲೇ ಹೋದ. ನಿಲ್ಲಿಸುವ ಗುಂಡಿ ಯಾವುದೆಂದು ಕೈಗೆ ಮರೆತುಹೋಯಿತು.

ಹೊಸಬರೆಲ್ಲ ಮಾಡುವ ತಪ್ಪಂತೆ ಅದು. ಇದು ಗಟ್ಟಿ ವಸ್ತು, ಇದರ ಮೇಲೆ ನಿಲ್ಲಬಹುದು ಎಂದು ಪ್ರತಿಯೊಂದಕ್ಕೂ ಬೇರೆಯಾಗಿ ಹೇಳಿಡಬೇಕು. ಹೇಳದಿದ್ದರೆ ಅದು ಬರೀ ಚಿತ್ರ. ಮನೆಗೆ ಹೋಗುವ ಆತುರದಲ್ಲಿ ನಾನು ಹಲಗೆಗೂ ಹೇಳಿರಲಿಲ್ಲ, ನೆಲಕ್ಕೂ ಹೇಳಿರಲಿಲ್ಲ. ತರಗತಿಯೆಲ್ಲ ನಕ್ಕಿತು. ಮೊದಲ ದಿನ ತಾನೂ ಹೀಗೇ ಬೀಳಿಸಿದ್ದೆ ಎಂದು ಟೀಚರ್ ಸಮಾಧಾನ ಹೇಳಿದರು. ನಾನಿನ್ನೂ ಆ ಗುಂಡಿಗಾಗಿ ತಡಕಾಡುತ್ತಿದ್ದುದನ್ನು ಕಂಡವಳು ಅಕ್ಕ ಒಬ್ಬಳೇ. ಕುರ್ಚಿ ತಳ್ಳಿಕೊಂಡು ಹೊರಗಿನ ಮೊಗಸಾಲೆಗೆ ಕರೆತಂದು, ನೀರು ಕುಡಿಸಿ, ಸೆರಗಿನಿಂದ ನನ್ನ ಬಾಯಿ ಒರೆಸಿದಳು. ಆ ಕೈಯ ಅಕ್ಕರೆ ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ. ಬಾಯಿಬಿಟ್ಟೆ.

ಬಿದಿರು ಗಟ್ಟಿಯಾಗಿತ್ತು ಅಕ್ಕ ಎಂದೆ. ಹಲಗೆ ಕಟ್ಟಿದವನು ನಾನು. ಮೂರು ಸುತ್ತು ಹಾಕಬೇಕಿತ್ತು, ಹಗ್ಗ ಸಾಲಲಿಲ್ಲ. ಇನ್ನೊಂದು ತರಬೇಕಾದರೆ ನಾಲ್ಕು ಅಂತಸ್ತು ಇಳಿದು ಹತ್ತಬೇಕು, ಊಟದ ಹೊತ್ತು ಬೇರೆ. ಒಂದೂವರೆ ಸುತ್ತು ಹಾಕಿ ಗಂಟು ಬಿಗಿದೆ. ಭಾವ ಬಂದು "ಬಿಗಿ ಇದೆಯೇನೋ?" ಎಂದು ಕೇಳಿದರು. ಬಂಡೆ ಇದ್ದಂಗಿದೆ ಬನ್ನಿ ಎಂದೆ. ನನ್ನ ಮಾತು ನಂಬಿ ಕಾಲಿಟ್ಟರು.

ಅಕ್ಕ ಕೂಗಾಡಲಿಲ್ಲ. ಕೈಯಲ್ಲಿದ್ದ ನೀರಿನ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. "ಹಗ್ಗ ತರೋಕೆ ಎಷ್ಟು ಹೊತ್ತು ಬೇಕಿತ್ತು?" ಎಂದು ಕೇಳಿದಳು. ಹತ್ತು ನಿಮಿಷ ಎಂದೆ. "ಹತ್ತು ನಿಮಿಷ" ಎಂದು ಅವಳೂ ಒಂದು ಸಲ ಹೇಳಿಕೊಂಡಳು. ಆಮೇಲೆ ಹೇಳಿದ ಮಾತು ಈಗಲೂ ಎದೆಯಲ್ಲಿ ಮುರಿದ ಮುಳ್ಳಿನ ಹಾಗಿದೆ. "ಅವತ್ತೇ ಹೇಳಿದ್ರೆ ಬೈದು, ಹೊಡೆದು, ಅತ್ತು, ಹೇಗೋ ಆಗ್ತಿತ್ತೇನೋ. ಇಷ್ಟು ದಿನ ನಿನ್ನ ಹೆಗಲ ಮೇಲೇ ತಲೆ ಇಟ್ಟು ಅತ್ತೆನಲ್ಲೋ. ಆ ಅಳುವೂ ನನ್ನದಲ್ಲದ ಹಾಗೆ ಮಾಡಿಬಿಟ್ಟೆಯಲ್ಲೋ."

ಮನೆಗೆ ಕರೆದೊಯ್ದಳು, ಬಡಿಸಿದಳು, ಮಲಗಿಸಿದಳು. ಮರುದಿನ ಬೆಳಗ್ಗೆ ನನ್ನ ಬಟ್ಟೆಗಳನ್ನು ಮಡಚಿ ಚೀಲಕ್ಕೆ ತುಂಬಿ, ಕೇಂದ್ರದ ಹಾಸ್ಟೆಲಿನಲ್ಲಿ ಬಿಟ್ಟು ಹೋದಳು. ಬಾಗಿಲಲ್ಲಿ ನಿಂತು ವಾರ್ಡನ್ನಿಗೆ "ಎಡಗಡೆ ಹೊರಳಿಸಿ ಮಲಗಿಸಿ, ಬಲಗಡೆ ಹುಣ್ಣಾಗುತ್ತೆ" ಎಂದಳು. ನನ್ನ ಕಡೆ ನೋಡಲಿಲ್ಲ.

ಒಂದು ಮಾತನ್ನು ಮಾತ್ರ ಅವಳಿಗೆ ಹೇಳಲಿಲ್ಲ. ಬೀಳುವಾಗ ನೀವು ಕೂಗಿದ್ದು ಅವಳ ಹೆಸರನ್ನಲ್ಲ. "ಆತುರಗಾರ, ಹಿಡ್ಕೊಳ್ಳೋ" ಎಂದಿರಿ. ಬೀಳಿಸಿದವನನ್ನೇ ಉಳಿಸಲು ನೋಡಿದಿರಿ. ಅವಳ ಪಾಲಿಗೆ ಉಳಿದಿರುವುದು ಆ ಒಂದು ಸುಳ್ಳು. ಅದನ್ನೂ ಕಿತ್ತುಕೊಳ್ಳಲು ನನ್ನ ಕೈ ಬರಲಿಲ್ಲ. ಇದಕ್ಕೂ ನೀವು ಸಿಟ್ಟಾಗುವುದಾದರೆ ಆಗಿ.

ತರಬೇತಿ ಹೇಗೋ ಮುಗಿಸಿದೆ. ಕೊನೆಯ ಪರೀಕ್ಷೆಗೆ ಒಂದು ಇಡೀ ಬೀದಿ ಕಟ್ಟಬೇಕಿತ್ತು. ಅಂಗಡಿ, ದವಾಖಾನೆ, ಬಸ್ ನಿಲ್ದಾಣ, ಇಪ್ಪತ್ತಾರು ಮನೆ ಕಟ್ಟಿದೆ. ಎಲ್ಲದಕ್ಕೂ ಒಂದೇ ಅಂತಸ್ತು. ಕೆಲಸ ಕೊಡಲು ಬಂದಿದ್ದ ಕಂಪನಿಯವರು ನೋಡಿ, "ಅಚ್ಚುಕಟ್ಟಾಗಿದೆ, ಆದ್ರೆ ಹತ್ತೋದಕ್ಕೆ, ಹಾರೋದಕ್ಕೆ ಏನೂ ಇಲ್ವಲ್ಲ. ಇಲ್ಲಿ ಆಟ ಆಡೋದು ಹೇಗೆ?" ಎಂದರು. ಆ ಲಾರಿ ಡ್ರೈವರ್ ಅವರನ್ನು ಕೆಲಸಕ್ಕೆ ತೆಗೆದುಕೊಂಡರು. ಎತ್ತರಿಸಿ ಮತ್ತೆ ಕಳಿಸಿ ಎಂದು ಟೀಚರ್ ಎಷ್ಟೋ ಹೇಳಿದರು. ಎರಡನೇ ಅಂತಸ್ತಿನ ಗೋಡೆ ಏಳಿಸಲು ಹೋದರೆ ಬೆರಳು ಅಲ್ಲೇ ಮರಗಟ್ಟುತ್ತದೆ. ಈಗ ದಿನಾ ಹೋಗಿ ಕೂರುತ್ತೇನೆ, ಇದ್ದದ್ದನ್ನೇ ಅಲ್ಲಿಂದಿಲ್ಲಿಗೆ ಸರಿಸುತ್ತೇನೆ, ಸಂಜೆ ಮತ್ತೆ ಮೊದಲಿದ್ದ ಕಡೆ ಇಡುತ್ತೇನೆ.

ನಿನ್ನೆ ಮಧ್ಯಾಹ್ನ ಅಕ್ಕ ಬಂದಿದ್ದಳು. ಮೂರು ತಿಂಗಳ ಮೇಲೆ. ಕೂದಲು ಪೂರ್ತಿ ಬೆಳ್ಳಗಾಗಿದೆ. ಹೇಗಿದ್ದೀಯ ಎಂದು ಕೇಳಲಿಲ್ಲ. "ಅದೇನು ಕಟ್ಟಿದ್ದೀಯ, ತೋರಿಸು" ಎಂದಳು. ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕುಳಿತಳು. ಯಾವ ಗುಂಡಿ ಒತ್ತಿದರೆ ಮುಂದೆ ಹೋಗುತ್ತದೆ ಎಂದು ಹೇಳಿಕೊಟ್ಟೆ. ಒಂದೇ ಬೆರಳು ಇಟ್ಟು, ನಿಧಾನವಾಗಿ, ಬೀದಿಯ ಈ ತುದಿಯಿಂದ ಆ ತುದಿಯವರೆಗೆ ನಡೆದಳು. ಅಂಗಡಿಯೊಳಗೆ ಇಣುಕಿದಳು. ಮನೆಗಳ ಬಾಗಿಲ ಮುಂದೆ ನಿಂತು ನಿಂತು ಹೋದಳು, ಯಾರಾದರೂ ತೆರೆಯುತ್ತಾರೇನೋ ಎಂಬಂತೆ. ಬಸ್ ನಿಲ್ದಾಣದ ಬೆಂಚಿನ ಹತ್ತಿರ ಬೆರಳು ತೆಗೆದಳು.

"ಇಲ್ಲಿ ಯಾರೂ ಇಲ್ವೇನೋ?"

ಜನರನ್ನು ಮಾಡುವವರು ಬೇರೆ ಇರ್ತಾರೆ ಅಕ್ಕ, ನಾವು ಜಾಗ ಮಾತ್ರ ಮಾಡೋದು ಎಂದೆ.

"ನಮ್ಮನೆನೂ ಈಗ ಹೀಗೇ ಇದೆ ಕಣೋ" ಎಂದಳು. ಎದ್ದಳು. ನನ್ನ ಕುರ್ಚಿಯ ಪಕ್ಕ ಹಾದು ಹೋಗುವಾಗ ಒಂದು ಗಳಿಗೆ ನಿಂತ ಹಾಗಾಯಿತು. ಅವಳ ಕೈ ಭುಜಕ್ಕೆ ತಾಗೀತೇನೋ ಎಂದು ಕಾದೆ. ಆಮೇಲೆ ಮೊಗಸಾಲೆಯಲ್ಲಿ ಅವಳ ಚಪ್ಪಲಿಯ ಸದ್ದು ದೂರವಾಗುತ್ತಾ ಹೋಯಿತು.

ಮತ್ತೆ ಬರುತ್ತಾಳೋ ಇಲ್ಲವೋ ಗೊತ್ತಿಲ್ಲ. ಬಾ ಎಂದು ಕರೆಯುವ ಮುಖ ನನಗಿಲ್ಲ. ಹೋಗಿಬನ್ನಿ ಭಾವ. ಅವತ್ತು ಹೇಳಬೇಕಾಗಿದ್ದ ಮಾತು ಅದು, ಇವತ್ತು ಹೇಳುತ್ತಿದ್ದೇನೆ. ನೀವು ಎಲ್ಲೇ ಇದ್ದರೂ ಅಕ್ಕನ ಮೇಲೆ ಒಂದು ಕಣ್ಣಿಟ್ಟಿರಿ. ನನ್ನ ಮೇಲೆ ಬೇಡ.

ಕ್ಷಮಿಸಿ ಎಂದು ಕೇಳಲೂ ಆಗದ,
ನಿಮ್ಮ ಭಾವಮೈದ